ಮೀನಂಗಡಿಯ ಬೆಳಗಿನ ಸಂಹಾರ

ಮಹಡಿ ಮನೆಯ ಹುಡುಗಿ ಉನ್‌ಸೋಲ್ ಕೆಳಗಿರುವ ತನ್ನ ಅಂಗಡಿಯನ್ನು ಧ್ವಂಸ ಮಾಡಲು ಹೊಂಚು ಹಾಕಿದ್ದಾಳೆ ಎಂದೇ ಬುಚಾನ್ ಮಾರುಕಟ್ಟೆಯ ಮೀನು ವ್ಯಾಪಾರಿ ಬೊಂಗ್‌ಸಿಕ್ ನಂಬಿದ್ದ. ಬಂಗುಡೆ ಮೀನು ಕೊಡಲು ಅವಳ ಮನೆಗೆ ಹೋದವನ ಕಣ್ಣಿಗೆ ಅವಳ ಟ್ಯಾಬ್ಲೆಟ್ಟಿನಲ್ಲಿ ತನ್ನದೇ ಅಂಗಡಿಯ ಚಿತ್ರ ಬಿದ್ದಿತ್ತು: ಕೊಡಲಿಯೇಟಿಗೆ ಸೀಳಿದ ಬಾಗಿಲು, ಚೂರಾದ ಮೀನಿನ ತೊಟ್ಟಿ, ಅವನ ಹೆಸರಿನ ಫಲಕದವರೆಗೂ ಚಿಮ್ಮಿದ ರಕ್ತ.

ಅವನು ಕುರ್ಚಿಯನ್ನು ಒದ್ದು ಕೆಡವಿ ಅವಳ ಕಾಲರ್ ಹಿಡಿದ. ಇನ್ನೊಂದು ಕೈಯಲ್ಲಿ ಮೀನು ಕೊಯ್ಯುವ ಚೂರಿ.

"ಯಾರೇ ನಿನ್ನ ಛೂ ಬಿಟ್ಟಿದ್ದು? ಬಾಯಿ ಬಿಡ್ತೀಯೋ, ಹೊಟ್ಟೆ ಬಗೀಲೋ?"

"ಕಾಲರ್ ಬಿಡಿ ಯಜಮಾನ್ರೇ, ಉಸಿರು ಕಟ್ತಿದೆ! ಫೋನಲ್ಲಿ ಬರೋ ಹೊಡೆದಾಟದ ಕಾಮಿಕ್ಸ್‌ಗೆ ಹಿನ್ನೆಲೆ ಚಿತ್ರ ಬಿಡಿಸೋಳು ನಾನು. ಕೈ ಪಳಗಲಿ, ಏನಾದ್ರೂ ಹೊಳೀಲಿ ಅಂತ ಬೆಳಿಗ್ಗೆ ಎದ್ದ ತಕ್ಷಣ ಹತ್ತು ನಿಮಿಷದಲ್ಲಿ ಚಿತ್ರದಲ್ಲೇ ಒಂದು ಅಂಗಡಿ ಒಡೀತೀನಿ. ನಿನ್ನೆ ಬೇಕರಿ ಸುಟ್ಟೆ. ಮೊನ್ನೆ ಕ್ಷೌರದಂಗಡಿಗೆ ಲಾರಿ ನುಗ್ಗಿಸಿದೆ. ನೋಡಿ ಬೇಕಾದ್ರೆ."

ಬೊಂಗ್‌ಸಿಕ್ ಟ್ಯಾಬ್ಲೆಟ್ಟಿನಲ್ಲಿ ನೋಡಿದ. ಬೇಕರಿ ನಿಜಕ್ಕೂ ಬೂದಿಯಾಗಿತ್ತು. ಚೂರಿ ಕೆಳಗಿಳಿಯಿತು. ಆಮೇಲೆ ಅವನು ತನ್ನ ಅಂಗಡಿಯ ಚಿತ್ರವನ್ನು ಮೂಗಿನ ಹತ್ತಿರ ತಂದು ಮೂಲೆಮೂಲೆ ಹುಡುಕಿದ. ಮುಖ ಬಾಡಿತು.

"ಇಷ್ಟೊಂದು ರಕ್ತ ಹರಿದಿದೆ. ವರ್ತಕರ ಸಂಘದ ಅಧ್ಯಕ್ಷ ನಾನು. ನನ್ನ ಹೆಣ ಎಲ್ಲಮ್ಮಾ?"

"ನಂದು ಹಿನ್ನೆಲೆ ಮಾತ್ರ. ಹೆಣ ಹಾಕೋಕೆ ಬೇರೆಯವರಿದ್ದಾರೆ."