ಮಾವನೋ ಬಾವನೋ ಎಂದು ನಿಂತ ಕಂಪೈಲರ್

ನಾನು ಕಲಿತದ್ದು ನಾಲ್ಕನೇ ಕ್ಲಾಸಿನವರೆಗೆ. ಆದರೂ ಈ ವಾರ ಕಬಕದ ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಕಂಪೈಲರ್ ಎಂದರೇನೆಂದು ವಿವರಿಸಿದ್ದೇನೆ. ಒಬ್ಬರು ಸೀಟು ಬದಲಿಸಿದರು. ನಷ್ಟ ಅವರಿಗೇ.

ಪುತ್ತೂರಿನಲ್ಲಿ ಇಂಜಿನಿಯರಿಂಗ್ ಓದುವ ನನ್ನ ಮೊಮ್ಮಗಳು ಶ್ರಾವ್ಯ ಒಂದು ಕಂಪೈಲರ್ ಮಾಡಿದ್ದಾಳೆ. ನಾವು ಬರೆದದ್ದನ್ನು ಕಂಪ್ಯೂಟರಿಗೆ ತಿಳಿಸಿ ಹೇಳುವ ದುಭಾಷಿ ಅದು. ಅದರಲ್ಲಿ ಟೈಪ್ ಕ್ಲಾಸ್ ಎಂಬುದೊಂದಿದೆ. ‘ಇದನ್ನು ತೋರಿಸು’ ಎಂದರೆ ಸಾಕು; ವಸ್ತುವಿನ ಜಾತಿ ನೋಡಿ, ತಕ್ಕ ನಿಯಮವನ್ನು ತಾನೇ ಹುಡುಕಿಕೊಳ್ಳುತ್ತದಂತೆ. ಜಾತಿ ನೋಡಿ ನಡೆದುಕೊಳ್ಳುವುದನ್ನು ಕಲಿಯಲು ನಮ್ಮವರು ಯಾವ ಕಾಲೇಜಿಗೂ ಹೋದವರಲ್ಲ!

ಕಷ್ಟ ಬಂದದ್ದು ಒಂದೇ ವಸ್ತುವಿಗೆ ಎರಡು ನಿಯಮಗಳು ಹೊಂದಿದಾಗ. ಕಂಪೈಲರ್ ಕೆಂಪು ಅಕ್ಷರದಲ್ಲಿ ಏನೋ ಗೊಣಗಿ ನಿಂತುಬಿಡುತ್ತಿತ್ತು. ಮರುದಿನ ಪರೀಕ್ಷಕರ ಮುಂದೆ ಹೀಗೆ ನಿಂತರೆ ಪ್ರಾಜೆಕ್ಟೇ ಫೇಲ್ ಎಂದು ಹುಡುಗಿ ಊಟ ಬಿಟ್ಟು ಕೂತಳು.

ನನ್ನ ಮಗನಿಗೆ, ಅಂದರೆ ಅವಳ ಅಪ್ಪನಿಗೆ, ಉತ್ತರ ಗೊತ್ತಿಲ್ಲದ ಪ್ರಶ್ನೆಯೇ ಇಲ್ಲ. “ಮೊದಲು ಸಿಕ್ಕಿದ್ದನ್ನು ಹಿಡ್ಕೊಳ್ಳಿಕ್ಕೆ ಹೇಳು ಮಾರಾಯ್ತಿ. ಅಷ್ಟಕ್ಕೆ ಎಂತ ಅಳುದು?”

“ಒಂದು ಕಡೆ ಒಂದು ಮೊದಲು ಸಿಕ್ತದೆ, ಇನ್ನೊಂದು ಕಡೆ ಇನ್ನೊಂದು. ಆಗ ಎಂತ ಮಾಡುದಪ್ಪ?”

ನನಗೆ ಮರ್ಕಂಜದ ತಿಮ್ಮಪ್ಪ ನೆನಪಾದ. ಅಮ್ಮನ ಕಡೆಯಿಂದ ದೂರದ ಮಾವ. ನನ್ನ ದೊಡ್ಡಪ್ಪನ ಮಗಳನ್ನು ಕಟ್ಟಿಕೊಂಡು ಬಾವನೂ ಆದ. ಮಾವ ಬಂದರೆ ಎದ್ದು ನಿಲ್ಲಬೇಕು, ಬಾವ ಬಂದರೆ ಕಾಲೆಳೆಯಬೇಕು. ಒಂದು ಮದುವೆಯ ಚಪ್ಪರದಲ್ಲಿ ಅಮ್ಮ ಪಕ್ಕದಲ್ಲಿದ್ದಳು, ಎದ್ದು ನಿಂತೆ. ಬಡಿಸುವಾಗ ದೊಡ್ಡಪ್ಪನ ಮಗಳು ಜೊತೆಗಿದ್ದಳು, ಅವನ ಪಾಯಸಕ್ಕೆ ಸಾರು ಹೊಯ್ದೆ.

“ನೀನು ನಮಸ್ಕಾರ ಮಾಡುದಾ, ಮಂಗ ಮಾಡುದಾ? ಒಂದು ತೀರ್ಮಾನಕ್ಕೆ ಬಾ ಮಾರಾಯ್ತಿ!” ಎಂದು ಎಲೆ ಬಿಟ್ಟು ಎದ್ದ.

ಕತೆ ಕೇಳಿ ಶ್ರಾವ್ಯ ಬಿದ್ದು ಬಿದ್ದು ನಕ್ಕಳು. “ಅಜ್ಜೀ, ಹಾಗಾದ್ರೆ ನಿಲ್ಲುದೇ ಸರಿ! ಯಾಕೆ ನಿಂತದ್ದೂಂತ ಚಂದ ಮಾಡಿ ಹೇಳಿದ್ರಾಯ್ತು.” ಎರಡೂ ನಿಯಮಗಳ ಹೆಸರು ಹೇಳಿ, ‘ಯಾವುದು ಬೇಕೆಂದು ನೀವೇ ಹೇಳಿ’ ಎಂದು ಕೇಳುವ ಹಾಗೆ ತಿದ್ದಿ, ಅನ್ನ ಬಡಿಸಿಕೊಂಡಳು.

ಮರುದಿನ ಅದು ನಿಂತೇ ನಿಂತಿತು. “ಇದೆಂತ, ನಿಂತಿತಲ್ಲ?” ಎಂದರಂತೆ ಪರೀಕ್ಷಕರು.

“ಎರಡೂ ಹೊಂದ್ತದೆ ಸರ್. ಗೊತ್ತಿಲ್ಲದೆ ಒಂದನ್ನು ಹಿಡಿದ್ರೆ ತಪ್ಪಾಗ್ತದೆ. ಅದಕ್ಕೇ ಕೇಳ್ತಾ ಉಂಟು.”

ಪಾಸು!

ನನ್ನ ಖುಷಿಗೆ ಇನ್ನೊಂದು ಕಾರಣವೂ ಇದೆ. ಜಾತಕ, ಜಾಗದ ತಕರಾರು, ಜ್ವರದ ಮದ್ದು, ಯಾವುದಕ್ಕೂ ‘ನನಗೆ ಗೊತ್ತಿಲ್ಲ’ ಎಂದ ಯಜಮಾನನನ್ನು ನಮ್ಮ ಕುಟುಂಬದಲ್ಲಿ ನಾನು ಈವರೆಗೆ ಕಂಡಿಲ್ಲ. ಆ ಮಾತು ಹೇಳಬಲ್ಲವರು ಈ ಮನೆಗೆ ಒಬ್ಬರಾದರೂ ಬೇಕಿತ್ತು. ಹುಟ್ಟಿ ಬರಲಿಲ್ಲವೆಂದು ಹುಡುಗಿ ಅಂಥದ್ದೊಂದನ್ನು ಮಾಡಿಕೊಂಡೇ ಬಂದಳು.