ಗಿರಿಜಕ್ಕನ ಅಳತೆಯ ಯೂನಿಫಾರ್ಮ್

ಮಗಳ ಯೂನಿಫಾರ್ಮ್ ಬಟ್ಟೆ ತರಲು ಮೊನ್ನೆ ಅಂಗಡಿಗೆ ಹೋಗಿದ್ದೆ. ಥಾನು ಬಿಚ್ಚಿದಾಗ ಎದ್ದ ಗಂಜಿಯ ವಾಸನೆ ನಿಮಗೂ ಗೊತ್ತಿರಬೇಕು, ಜೂನ್ ತಿಂಗಳಿನದು. ನನಗೆ ಮಾತ್ರ ಅದು ಕೊಟ್ಟೂರಿನ ಶಾಲೆಯಲ್ಲಿ ಪಕ್ಕ ಕೂರುತ್ತಿದ್ದ ಗೆಳತಿ ವೇಣಿಯ ವಾಸನೆ.

ತೊಂಬತ್ತರ ದಶಕದ ಕೊನೆ, ಒಂಬತ್ತನೇ ತರಗತಿ. ಬೆಳೆಯುವ ಹುಡುಗಿಯೆಂದು ಅವ್ವ ನನ್ನ ಲಂಗವನ್ನು ದೊಡ್ಡದಾಗಿಯೇ ಹೊಲಿಸಿದ್ದಳು. ನಾನು ಬೆಳೆಯಲೇ ಇಲ್ಲ. ಜಾರುವ ಲಂಗ ಹಿಡಿದುಕೊಂಡೇ ಎಸ್ಸೆಸ್ಸೆಲ್ಸಿ ಮುಗಿಸಿದೆ. ವೇಣಿಯ ಮನೆಯಲ್ಲಿ ಹಾಗಲ್ಲ. ಅವಳ ಅಕ್ಕ ಗಿರಿಜಾ ಹೊಲಿಗೆಯಲ್ಲಿ ಜಾಣೆ. ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ಶಾಲೆಯ ಯೂನಿಫಾರ್ಮನ್ನೇ ಬಗೆಬಗೆಯಾಗಿ ಚಿತ್ರ ಬರೆಯುತ್ತಿದ್ದಳು. ಅವಳನ್ನು ಶಾಲೆ ಬಿಡಿಸಿ ಹೊಳಲು ಎಂಬ ಊರಿಗೆ ಮದುವೆ ಮಾಡಿ ಕೊಟ್ಟರು. ವರ್ಷದೊಳಗೆ ಹೆರಿಗೆಯಲ್ಲಿ ತಾಯಿ, ಮಗು ಇಬ್ಬರೂ ಹೋದರು. ಆಮೇಲೆ ಅದೇ ಭಾವನಿಗೆ ವೇಣಿಯನ್ನು ಕೊಡುವ ಮಾತು ಶುರುವಾಯಿತು.

ವೇಣಿ ಅಳಲಿಲ್ಲ. ತನಗೆಂದು ತಂದ ಹೊಸ ಯೂನಿಫಾರ್ಮ್ ಬಟ್ಟೆಯನ್ನು ಅಕ್ಕನ ಅಳತೆಗೆ ಕತ್ತರಿಸಿ, ಅಕ್ಕ ಬರೆದಿಟ್ಟಂತೆಯೇ ಹೊಲಿದಳು. ಗಂಡಸರ ಅಂಗಿಯಂಥ ಕಾಲರ್, ಎರಡು ಜೇಬು, ಲಂಗದ ನೆರಿಗೆಗಳ ಒಳಗೆ ಅಕ್ಕನ ಮದುವೆ ಸೀರೆಯ ಕೆಂಪು ಪಟ್ಟಿ. ನಿಂತರೆ ಬರೀ ನೀಲಿ. ನಡೆದರೆ ಕೆಂಪು ಬಾಯಿ ತೆರೆಯುತ್ತಿತ್ತು.

ಮೊದಲ ದಿನವೇ ಜವಾನ ಕೊಟ್ರಪ್ಪ ಗಂಟೆಯನ್ನು ಅರ್ಧಕ್ಕೆ ನಿಲ್ಲಿಸಿ, "ಗಿರಿಜವ್ವ ಯಾವಾಗ ಬಂದ್ಲು?" ಎಂದು ನನ್ನನ್ನು ಕೇಳಿದ.

ದೊಡ್ಡ ಮೇಡಂ ಗದರಿದರು. "ಏನಿದು ವೇಷ?"

"ಬಣ್ಣ ನಿಮ್ದ ಐತ್ರಿ ಮೇಡಂ, ಅಳತಿ ನಮ್ಮಕ್ಕಂದು."

ಗಿರಿಜೆಗೂ ಪಾಠ ಹೇಳಿದ್ದವರು ಅವರು. ವೇಣಿಯ ಕಾಲರ್ ಸರಿಮಾಡಿ ತರಗತಿಗೆ ಕಳಿಸಿದರು.

ಒಂದು ಮಧ್ಯಾಹ್ನ ವೇಣಿಯ ಅಪ್ಪ ಅವಳನ್ನು ಶಾಲೆ ಬಿಡಿಸಿ ಕರೆದೊಯ್ಯಲು ಬಂದರು. ಭಾವನ ಕಡೆಯವರು ಆಗಲೇ ಮನೆಗೆ ಬಂದಿದ್ದರಂತೆ. ವೇಣಿ ಕಾರಿಡಾರಿನ ಕೊನೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದಳು. ನಾನು ಹತ್ತು ಹೆಜ್ಜೆ ಈಚೆ. ಬಿಸಿಲಿನಿಂದ ಬಂದ ಅಪ್ಪ ಆ ಬೆನ್ನನ್ನು ನೋಡಿ, ಬಾಯಿತಪ್ಪಿ, "ಗಿರಿಜಾ!" ಎಂದರು.

ಅವಳು ತಿರುಗಿದಳು. ನೆರಿಗೆಗಳು ಬಿಚ್ಚಿ ಸುತ್ತಲೂ ಕೆಂಪು.

ಅಪ್ಪ ಅಲ್ಲೇ ನೆಲಕ್ಕೆ ಕುಸಿದು ಕೂತರು. "ನೀ ಒಲ್ಲೆ ಅಂದಿದ್ದಿ ತಾಯಿ, ನಾ ಕೇಳ್ಲಿಲ್ಲ. ಈಕಿನ್ನ ಅಲ್ಲಿಗೆ ಕಳಸಂಗಿಲ್ಲ" ಎಂದು ಕೈಮುಗಿದರು. ಆಮೇಲೆ ಒಬ್ಬರೇ ಎದ್ದು ಹೋದರು. ಮದುವೆಯ ಮಾತು ಅಲ್ಲಿಗೇ ನಿಂತಿತು. ಮಗಳ ಸಂಕಟದಲ್ಲಿ ಮುದುಕನಿಗೆ ಭ್ರಮೆಯಾಯಿತೆಂದು ನಾವೆಲ್ಲ ಅಂದುಕೊಂಡೆವು.

ಮೊನ್ನೆ ಅದೇ ನೆನಪಿನಲ್ಲಿ ಹರಪನಹಳ್ಳಿಗೆ ಹೋದೆ. ವೇಣಿಗೆ ಈಗ ಅಲ್ಲಿ ಸ್ವಂತ ಹೊಲಿಗೆ ಅಂಗಡಿ. ಚಹಾ ಕುಡಿಯುತ್ತ, ಇಷ್ಟು ವರ್ಷ ಕೇಳದಿದ್ದುದನ್ನು ಕೇಳಿದೆ. "ನಿಮ್ಮಪ್ಪ ಅಕ್ಕನ ಹೆಸರು ಹಿಡಿದು ಕರೆದ್ರೂ ನೀ ಹೆಂಗ ತಿರುಗಿದಿಲೇ?"

ಅವಳು ಲೋಟ ಕೆಳಗಿಟ್ಟಳು. "ನಾ ಎಲ್ಲಿ ತಿರುಗೀನಿ? ಹೆದರಿ, ಗೋಡಿಗೆ ಹಣಿ ಹಚ್ಚಿ ಕಣ್ಣು ಮುಚ್ಚಿ ನಿಂತಿದ್ದೆ. ಅಪ್ಪ ಹೋದ ಮ್ಯಾಲೇ ಕಣ್ಣು ತೆಗೆದಿದ್ದು."

ವಾಪಸು ಬರುವ ಬಸ್ಸಿನಲ್ಲಿ, ತಿರುಗಿದ ಆ ಮುಖ ನನ್ನ ಕಡೆಗೂ ನೋಡಿ ಸಣ್ಣಗೆ ನಕ್ಕಿದ್ದು ನೆನಪಾಯಿತು. ಯಾಕೋ ಹೆದರಿಕೆಯಾಗಲಿಲ್ಲ. ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟು, ಕಿಟಕಿಯ ಕಡೆ ಸರಿದು ಕೂತೆ.