ಊರಿಗೆಲ್ಲ ಒಂದೇ ಲೋಟ

ಅಡುಗೆಮನೆಯ ಕಪಾಟು ಒರೆಸೋಣವೆಂದು ಮೂಲೆಯ ಸ್ಟೀಲ್ ಲೋಟ ಎತ್ತಿದೆ. ಅಡಿಯ ನುಣುಪು ಹಾಳೆಯ ಮೇಲೆ ದುಂಡನೆಯ ಕಲೆ. ಕಲೆಯೊಳಗೆ ಮಾಸ್ಕೋದ ಬೀದಿಯ ಚಿತ್ರ. ಲೋಟ ನಮ್ಮ ಮನೆಗೆಲಸದ ಗಂಗಮ್ಮನದು. ಬೇರೆ ಯಾಕಿಟ್ಟಿದ್ದೀರಿ ಎಂದು ಕೇಳಿದರೆ 'ಸ್ವಚ್ಛತೆಗೆ' ಎಂಬ ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು.

ಮಡಕಶಿರಾದಿಂದ ರಾಯದುರ್ಗಕ್ಕೆ ಸೊಸೆಯಾಗಿ ಬಂದಾಗ ನಾನು ಹತ್ತನೇ ತರಗತಿ ಪಾಸು; ಆ ಜಂಬ ಬೇರೆ. ಅತ್ತೆಯದು ಬಸ್ ಸ್ಟ್ಯಾಂಡ್ ಎದುರಿನ ಚಹಾದಂಗಡಿ. ಮಾವನ ಹೆಸರಿಗೆ ಸೋವಿಯತ್ ದೇಶದ ಬಣ್ಣದ ಪತ್ರಿಕೆ ಕನ್ನಡದಲ್ಲೇ ಬರುತ್ತಿತ್ತು. ಓದುವವಳು ನಾನು, ಕಪಾಟಿಗೆ ಹಾಸುವವರು ಅತ್ತೆ. ಅಷ್ಟು ಗಟ್ಟಿ ಕಾಗದ ಆಗ ಇಲ್ಲೆಲ್ಲಿತ್ತು ಹೇಳಿ!

ಒಂದು ಚಿತ್ರ ನೋಡಿ ಬೆರಗಾದೆ. ಮಾಸ್ಕೋದ ಬೀದಿಯಲ್ಲೊಂದು ಸೋಡಾ ಯಂತ್ರ, ಅದಕ್ಕೆ ಒಂದೇ ಗಾಜಿನ ಲೋಟ. ಬೋರಲು ಹಾಕಿ ಒತ್ತಿದರೆ ನೀರು ಚಿಮ್ಮಿ ತೊಳೆಯುತ್ತದೆ. ಒಬ್ಬರು ಕುಡಿದಿಟ್ಟದ್ದರಲ್ಲೇ ಇನ್ನೊಬ್ಬರು ಕುಡಿಯುತ್ತಾರೆ.

ಚಹಾವನ್ನೂ ಆರಿಸಿ, ಎತ್ತಿ ಹೊಯ್ದುಕೊಂಡೇ ಕುಡಿಯುವ ಅತ್ತೆ ಹೌಹಾರಿದರು. "ಊರಿಗೆಲ್ಲಾ ಒಂದ ಲೋಟ ಏನವ್ವಾ? ಎಂಜಲಾ!"

"ತೊಳೀತಾರಲ್ಲ ಅತ್ತೆ."

"ಯಾರು, ಏನು ಅಂತ ಕೇಳಂಗಿಲ್ಲೇನು?"

"ಯಾರೂ ಕೇಳಲ್ವಂತೆ."

ಅತ್ತೆ ಬಹಳ ಹೊತ್ತು ಆ ಪುಟ ನೋಡಿದರು. ಆಮೇಲೆ ಅವರ ಕಣ್ಣು ಅಂಗಡಿಯ ಹೊರಗೋಡೆಯ ಗೂಡಿನತ್ತ ಹೋಯಿತು. ಅಲ್ಲಿದ್ದ ಲೋಟ ಬೀದಿ ಗುಡಿಸುವ ಮಾರಕ್ಕನದು. ಊರನ್ನೇ ಚೊಕ್ಕ ಮಾಡುವವಳು ಹೊರಗೆ ಕೂತು ಕುಡಿದು, ತನ್ನ ಲೋಟ ತಾನೇ ತೊಳೆದಿಡಬೇಕಿತ್ತು.

ಮರುದಿನ ಗೂಡು ಖಾಲಿ. "ಮಾರಕ್ಕಾ, ಒಳಗ ಬಾ," ಎಂದರು ಅತ್ತೆ.

ಮಾರಕ್ಕ ಹೊಸ್ತಿಲಲ್ಲೇ ನಿಂತಳು. "ಬ್ಯಾಡ್ರಿ ಅಮ್ಮಾ, ಗಿರಾಕಿ ಎದ್ದು ಹೋಗ್ತಾರ."

"ಹೋದ್ರ ಹೋಗ್ಲಿ. ಲೋಟ ಕುದಿಯೋ ನೀರಾಗ ತೊಳದೀನಿ, ಇನ್ನೇನು ಬೇಕು?"

ಮಾರಕ್ಕ ಒಳಗೆ ಬಂದು ಕೂತಳು; ಗಿರಾಕಿಗಳಲ್ಲಿ ಇಬ್ಬರು ಎದ್ದು ಹೋದರು. ಅತ್ತೆ ತಿರುಗಿಯೂ ನೋಡಲಿಲ್ಲ. ಮಾರಕ್ಕ ಕುಡಿದಿಟ್ಟ ಲೋಟ ತೊಳೆದು, ಅದರಲ್ಲೇ ಚಹಾ ತುಂಬಿಸಿ ನನ್ನ ಮುಂದೆ ಹಿಡಿದರು. ರಷ್ಯಾದ ಸುದ್ದಿ ಓದಿ ಹೇಳಿದ್ದ ಪಂಡಿತೆ ನಾನು, ಹೊಟ್ಟೆ ಸರಿಯಿಲ್ಲ ಎಂದೆ. ಅತ್ತೆ ತಾವೇ ಕುಡಿದರು, ಲೋಟಕ್ಕೆ ತುಟಿ ಹಚ್ಚಿ. ಜನ್ಮದಲ್ಲಿ ಹಾಗೆ ಕುಡಿದವರಲ್ಲ ಅವರು! ಆ ಗಳಿಗೆಯಲ್ಲಿ ನನಗೆ ಮಾಸ್ಕೋಗಿಂತ ಅತ್ತೆಯೇ ದೊಡ್ಡವರಾಗಿ ಕಂಡರು.

ಅತ್ತೆ ತೀರಿಕೊಂಡ ಮೇಲೆ ಅಂಗಡಿಯ ಕಪಾಟು ಮನೆಗೆ ಬಂತು, ಅವರು ಹಾಸಿದ್ದ ಆ ಚಿತ್ರದ ಹಾಳೆ ಸಮೇತ. ಅದೇ ಹಾಳೆಯ ಮೇಲೆ ನಾನು ಗಂಗಮ್ಮನ ಲೋಟ ಬೇರೆ ಇಟ್ಟುಕೊಂಡು ಬಂದಿದ್ದೆನಲ್ಲ, ನಾಚಿಕೆಯಾಯಿತು.

ಗಂಗಮ್ಮ ಬಂದಳು. ಇಬ್ಬರಿಗೂ ಚಹಾ ಸೋಸಿದೆ. ರೂಢಿಯಂತೆ ಅವಳು ಕಪಾಟಿನ ಮೂಲೆಗೆ ಕೈಹಾಕಿ ತಡಕಾಡಿದಳು.

"ನನ್ನ ಲೋಟ ಎಲ್ಲೈತ್ರಿ ಅಮ್ಮಾ?"

ಅದಕ್ಕೆ ತುಟಿ ಹಚ್ಚಿ ನಾನು ಚಹಾ ಕುಡಿಯುತ್ತಿದ್ದೆ.